ಹನ್ನೊಂದು ಗಂಟೆಗೆ ನನ್ನ ಮಗ ಎದ್ದು ಓಡಿದರೆ? ವಿಶೇಷ ಅಗತ್ಯವುಳ್ಳ ಮಗುವಿಗೆ ಶಾಲೆ ಹುಡುಕುವ ಬಗೆ

ನಮ್ಮ ಹುಡುಗನಿಗೆ ಐದು ತುಂಬಿದ ಬೇಸಿಗೆಯಲ್ಲಿ ಚಿಂತಾಮಣಿಯ ನಾಲ್ಕು ಶಾಲೆಗಳ ಮೆಟ್ಟಿಲು ಹತ್ತಿದೆ. ಯಾರೂ ನೇರವಾಗಿ ಬೇಡ ಅನ್ನಲಿಲ್ಲ. ಒಬ್ಬರು ಸೀಟು ಮುಗಿದಿದೆ ಅಂದರು. ಇನ್ನೊಬ್ಬರು ಮಾತು ಬರಲಿ, ಮುಂದಿನ ವರ್ಷ ನೋಡೋಣ ಅಂದರು. ಮೂರನೆಯವರು ಕಾಫಿ ತರಿಸಿ, "ಬೆಂಗಳೂರಲ್ಲಿ ಇಂಥ ಮಕ್ಕಳಿಗೆ ಒಳ್ಳೊಳ್ಳೆ ಸ್ಕೂಲ್ ಇವೆಯಂತೆ ಅಲ್ವಾ?" ಅಂದರು. ನಾಲ್ಕನೆಯವರು ಸೇರಿಸಿಕೊಂಡರು. ನಾನು ಖುಷಿಯಿಂದ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದೆ. ಆ ಖುಷಿ ಡಿಸೆಂಬರ್‌ವರೆಗೆ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ಅವನಿಗೆ ಆಟಿಸಂ, ಅಂದರೆ ಮಾತು, ಜನರ ಜತೆ ಬೆರೆಯುವುದು ಬೇರೆ ಮಕ್ಕಳ ಹಾಗೆ ಬೆಳೆಯುವುದಿಲ್ಲ. ಈಗ ಹದಿಮೂರು ವರ್ಷ. ಶಿಡ್ಲಘಟ್ಟ, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯಿಂದ ಅಪ್ಪ ಅಮ್ಮಂದಿರು ಫೋನ್ ಮಾಡಿ, "ಅಕ್ಕಾ, ಯಾವ ಸ್ಕೂಲ್ ಒಳ್ಳೇದು?" ಅಂತ ಕೇಳುತ್ತಾರೆ. ಒಂದು ಹೆಸರು ಹೇಳಿಬಿಡುವುದು ಸುಲಭ. ಆದರೆ ನಮ್ಮ ಹುಡುಗನಿಗೆ ಹೊಂದಿದ ಶಾಲೆ ನಿಮ್ಮ ಮಗಳಿಗೆ ಹೊಂದದೇ ಇರಬಹುದು. ಅಲ್ಲಿನ ಟೀಚರ್‌ಗೆ ವರ್ಗ ಆದರೆ ನಮ್ಮ ಹುಡುಗನಿಗೂ ಹೊಂದುವುದಿಲ್ಲ. ಅದಕ್ಕೇ ಹುಡುಕುವ ಬಗೆ ಹೇಳುತ್ತೇನೆ.

ಮೊದಲು ಒಂದು ಪುಟ ಬರೆಯಿರಿ

ಶಾಲೆ ನೋಡಲು ಹೊರಡುವ ಮೊದಲು ಒಂದು ವಾರ ಮಗುವನ್ನು ನೋಡುತ್ತಾ ಬರೆದಿಡಿ. ಕಾಯಿಲೆಯ ಹೆಸರು ಕೊನೆಗೆ ಬರಲಿ. ಒಂದು ಕಡೆ ಎಷ್ಟು ಹೊತ್ತು ಕೂರುತ್ತದೆ? ಬಾತ್‌ರೂಮಿಗೆ ಹೋಗಬೇಕು ಅಂತ ಹೇಗೆ ತಿಳಿಸುತ್ತದೆ? ಯಾವ ಸದ್ದಿಗೆ ಹೆದರುತ್ತದೆ? ಕಲಸಿದ ಅನ್ನ ತಿನ್ನುತ್ತದೋ, ಬೇರೆ ಬೇರೆ ಇಟ್ಟರೆ ಮಾತ್ರವೋ? ಸಿಟ್ಟು ಬಂದಾಗ ಯಾವುದರಿಂದ ಸಮಾಧಾನ? ಯಾವುದನ್ನು ಯಾರೂ ಹೇಳಿಕೊಡದೆ ಕಲಿತಿದೆ?

ನನ್ನ ಪುಟದಲ್ಲಿ ಹೀಗಿತ್ತು: ಮಿಕ್ಸಿ ಮತ್ತು ಗಂಟೆ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಹತ್ತು ನಿಮಿಷ ಕೂರುತ್ತಾನೆ, ಕೈಯಲ್ಲಿ ನೀರಿನ ಬಾಟಲಿ ಇದ್ದರೆ ಇಪ್ಪತ್ತು. ಬಸ್ಸಿನ ಬೋರ್ಡಿನ ನಂಬರ್ ಓದುತ್ತಾನೆ. ಹಸಿವಾದರೆ ಹೇಳುವುದಿಲ್ಲ, ಅಳುತ್ತಾನೆ.

ಡಾಕ್ಟರ್ ರಿಪೋರ್ಟ್‌ಗಿಂತ ಈ ಪುಟ ಟೀಚರ್‌ಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ನಿಮಗೂ ಅಷ್ಟೇ. ಐವತ್ತು ಮಕ್ಕಳ ಗದ್ದಲದ ಕ್ಲಾಸು ಬೇಡ ಅನ್ನುವುದು ಪುಟ ಓದಿದಾಗಲೇ ಗೊತ್ತಾಗುತ್ತದೆ.

ನಮ್ಮ ಕಡೆಯವರು ಇನ್ನೊಂದು ವಿಷಯ ಬರೆಯಲೇಬೇಕು: ಮನೆ ಮಾತು. ಚಿಂತಾಮಣಿ, ಬಾಗೇಪಲ್ಲಿ, ಮುಳಬಾಗಿಲು, ಪಾವಗಡ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಬೀದಿಯಲ್ಲಿ ಎರಡೂ. ಶಾಲೆಯಲ್ಲಿ ಕನ್ನಡ, ಇಲ್ಲವೇ ಇಂಗ್ಲಿಷ್. ನಮ್ಮ ಹುಡುಗ ಮನೆಯಲ್ಲಿ "ನೀಳ್ಳು" ಅನ್ನುತ್ತಿದ್ದ. ಟೀಚರ್‌ಗೆ ಅದು ನೀರು ಅಂತ ಗೊತ್ತು, ಆದರೂ "ವಾಟರ್ ಅನ್ನು" ಅಂತ ಕಾಯಿಸುತ್ತಿದ್ದರು. ಅವನು ಕೇಳುವುದನ್ನೇ ಬಿಟ್ಟ. ಎರಡು ಭಾಷೆ ಕೇಳಿಸಿಕೊಂಡರೆ ಮಾತು ತಡವಾಗುತ್ತದೆ, ಇಂಗ್ಲಿಷ್ ಒಂದೇ ಆಡಿ ಅಂತ ಸಲಹೆ ಕೊಡುವವರು ಇದ್ದಾರೆ. ಎರಡು ಭಾಷೆಯಿಂದ ಆಟಿಸಂ ಬರುವುದೂ ಇಲ್ಲ, ಹೆಚ್ಚಾಗುವುದೂ ಇಲ್ಲ. ಅಜ್ಜಿಗೆ ಬಾರದ ಭಾಷೆಯನ್ನು ಮಗುವಿಗೆ ಕಲಿಸಿದರೆ ಅದು ಮನೆಯಲ್ಲಿ ಯಾರ ಹತ್ತಿರ ಮಾತಾಡಬೇಕು? ಮನೆ ಮಾತನ್ನು ಅರ್ಥ ಮಾಡಿಕೊಳ್ಳುವ ಒಬ್ಬ ಟೀಚರ್ ಆದರೂ ಇರುವ ಶಾಲೆ ನೋಡಿ.

ತಪಾಸಣೆ ಮತ್ತು ಕಾರ್ಡು

ಮಾತು ಬರದ ಮಗುವಿಗೆ ಬೇರೆಲ್ಲಕ್ಕಿಂತ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಚಪ್ಪಾಳೆ ಹೊಡೆದರೆ ತಿರುಗುತ್ತದೆ ಅಂದ ಮಾತ್ರಕ್ಕೆ ಕಿವಿ ಸರಿಯಿದೆ ಅಂತಲ್ಲ. ಕೇಳಿಸಿತು ಅಂತ ಹೇಳಲು ಬಾರದ ಚಿಕ್ಕ ಮಕ್ಕಳಿಗೆ ಬೆರಾ ಅನ್ನುವ ಪರೀಕ್ಷೆ ಇದೆ. ಮಗು ಮಲಗಿರುವಾಗಲೇ ಮಾಡುತ್ತಾರೆ. ಕಣ್ಣಿನ ಪರೀಕ್ಷೆಯೂ ಆಗಲಿ. ಹಿಂದೆ ಬಿದ್ದಿದ್ದಾನೆ ಅನ್ನಿಸಿಕೊಂಡ ಮಗುವಿಗೆ ಬೋರ್ಡೇ ಕಾಣುತ್ತಿರಲಿಲ್ಲ ಅನ್ನುವುದು ಹೊಸ ಕಥೆಯಲ್ಲ.

ಅಂಗನವಾಡಿಗೂ ಸರ್ಕಾರಿ ಶಾಲೆಗೂ ಆರ್‌ಬಿಎಸ್‌ಕೆ ಅನ್ನುವ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯ ಡಾಕ್ಟರ್ ತಂಡ ಬರುತ್ತದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅವರು ನೋಡಿ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಚೀಟಿ ಬರೆದುಕೊಡುತ್ತಾರೆ. ತಂಡ ಯಾವತ್ತು ಬರುತ್ತದೆ ಅಂತ ಅಂಗನವಾಡಿ ಟೀಚರ್‌ಗೆ ಕೇಳಿಟ್ಟುಕೊಳ್ಳಿ. ಇನ್ನೂ ಗೊಂದಲ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಇದೆ. ಕಿವಿ, ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಎರಡೂ ಕಡೆ ಒಂದು ದಿನದಲ್ಲಿ ಕೆಲಸ ಮುಗಿಯುತ್ತದೆ ಅಂತ ಹೋಗಬೇಡಿ. ಬುತ್ತಿ, ಬದಲಿ ಬಟ್ಟೆ, ಚಾರ್ಜರ್ ಇಟ್ಟುಕೊಂಡೇ ಹೊರಡಿ.

ಇನ್ನು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಸೈಬರ್ ಸೆಂಟರ್‌ನವರೂ ಹಾಕಿಕೊಡುತ್ತಾರೆ. ಅರ್ಜಿಯಲ್ಲಿ ಆರಿಸಿದ ಆಸ್ಪತ್ರೆಗೇ ಮಗುವನ್ನು ಕರೆದುಕೊಂಡು ಹೋಗಬೇಕು. ನಮ್ಮ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಆದರೂ ನಮ್ಮ ಕಡೆಯ ಹಿರಿಯರಿಗೆ ದೊಡ್ಡಾಸ್ಪತ್ರೆ ಅಂದರೆ ಈಗಲೂ ಕೋಲಾರದ ಎಸ್‌ಎನ್‌ಆರ್. ಸುಮ್ನೆ ಬಸ್ ಹತ್ತುವ ಮೊದಲು ಅರ್ಜಿಯಲ್ಲಿ ಏನಿದೆ ನೋಡಿಕೊಳ್ಳಿ. ಅಂಗವೈಕಲ್ಯ 40 ಪರ್ಸೆಂಟ್‌ಗಿಂತ ಕಡಿಮೆ ಇದ್ದರೆ ಬಿಳಿ ಕಾರ್ಡು, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಸರ್ಕಾರದ ಹೆಚ್ಚಿನ ಸೌಲಭ್ಯ 40 ಮತ್ತು ಅದಕ್ಕಿಂತ ಜಾಸ್ತಿ ಇದ್ದವರಿಗೆ.

"ಕಾರ್ಡು ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಬೀಳುತ್ತೆ" ಅಂತ ನಮ್ಮತ್ತೆ ಎರಡು ವರ್ಷ ತಡೆದರು. ನಾನೂ ಒಳಗೊಳಗೇ ಅದನ್ನೇ ಅಂದುಕೊಂಡಿದ್ದೆ, ಅತ್ತೆಯನ್ನು ಮಾತ್ರ ದೂರುವಂತಿಲ್ಲ. ಕಾರ್ಡು ಬೀರುವಿನಲ್ಲಿ ಇರುತ್ತದೆ, ಬೇಕಾದಾಗ ತೆಗೆಯುತ್ತೇವೆ, ಅಷ್ಟೇ. ಆದರೆ ಕಾರ್ಡು ಬರಲಿ, ಆಮೇಲೆ ಶಾಲೆಗೆ ಸೇರಿಸೋಣ ಅಂತ ಕಾಯಬೇಡಿ. ಸೇರಿಸಲು ಕಾರ್ಡು ಬೇಕೇ ಬೇಕು ಅಂತ ಇಲ್ಲ.

ಯಾವ ಯಾವ ದಾರಿ ಇದೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸುತ್ತದೆ. ಆಟಿಸಂ, ಕಲಿಕಾ ನ್ಯೂನತೆ (ಓದು, ಬರಹ, ಲೆಕ್ಕದಲ್ಲಿ ಮಾತ್ರ ತೊಡಕು), ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದಿರುವುದು) ಎಲ್ಲ ಅದರಲ್ಲಿವೆ. 40 ಪರ್ಸೆಂಟ್ ಮತ್ತು ಮೇಲ್ಪಟ್ಟ ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕು ಇದೆ. ಹತ್ತಿರದ ಮಾಮೂಲಿ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು. ಹೆಡ್ ಮಾಸ್ಟರ್ "ಇಂಥವರು ವಿಶೇಷ ಶಾಲೆಗೇ ಹೋಗಬೇಕು" ಅಂದರೆ ಅದು ಅವರ ಅಭಿಪ್ರಾಯ ಅಷ್ಟೇ, ಕಾನೂನಲ್ಲ.

ನನ್ನ ಅನುಭವದಲ್ಲಿ ಮೊದಲು ನೋಡಬೇಕಾದ್ದು ಮನೆ ಹತ್ತಿರದ ಸರ್ಕಾರಿ ಶಾಲೆ. ಟೈ, ಬೂಟು, ಹಳದಿ ಬಸ್ಸು ಇಲ್ಲ ಅಂತ ಎಷ್ಟೋ ಜನ ಅದರ ಒಳಗೇ ಹೋಗುವುದಿಲ್ಲ. ಆದರೆ ಮಕ್ಕಳು ಕಡಿಮೆ, ಅಂಗಳ ದೊಡ್ಡದು, ಜತೆಗೆ ಊರಿನ ಮಕ್ಕಳೇ ಇರುತ್ತಾರೆ. ಬೀದಿಯಲ್ಲಿ ಅವನನ್ನು ಕಂಡವರೇ ಕ್ಲಾಸಲ್ಲೂ ಪಕ್ಕ ಕೂರುತ್ತಾರೆ. ಸಮಗ್ರ ಶಿಕ್ಷಣ ಯೋಜನೆಯ ಸವಲತ್ತುಗಳೂ ಸಿಗುತ್ತವೆ: ತಪಾಸಣೆ ಶಿಬಿರ, ಶ್ರವಣ ಸಾಧನ, ಗಾಲಿ ಕುರ್ಚಿ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ವಿದ್ಯಾರ್ಥಿವೇತನ. ತೊಂದರೆಯೂ ಇದೆ. ಒಬ್ಬರೇ ಟೀಚರ್ ಎರಡು ಮೂರು ತರಗತಿ ನೋಡಿಕೊಳ್ಳುತ್ತಿರಬಹುದು. ವರ್ಗಾವಣೆ ಆದರೆ ಮತ್ತೆ ಮೊದಲಿಂದ ಶುರು.

ವಿಶೇಷ ಶಾಲೆ ಯಾರಿಗೆ? ಪೂರ್ತಿ ಕಿವುಡಾದ ಮಗುವಿಗೆ ಸಂಜ್ಞಾ ಭಾಷೆ ಬಲ್ಲ ಗೆಳೆಯರು ಬೇಕು. ಕಣ್ಣು ಕಾಣದ ಮಗು ಮೊದಲು ಬ್ರೈಲ್ ಕಲಿಯಬೇಕು, ಕೋಲು ಹಿಡಿದು ಓಡಾಡಲು ಕಲಿಯಬೇಕು. ಮಾಮೂಲಿ ಶಾಲೆಯಲ್ಲಿ ಇದನ್ನು ಕಲಿಸುವವರು ಸಿಗುವುದು ಅಪರೂಪ. ಅಂಥ ಮಕ್ಕಳಿಗೆ ಕೆಲವು ವರ್ಷ ವಿಶೇಷ ಶಾಲೆ, ಆಮೇಲೆ ಮಾಮೂಲಿ ಶಾಲೆ ಅನ್ನುವುದು ಒಳ್ಳೆಯ ದಾರಿ. ಬುದ್ಧಿ ಬೆಳವಣಿಗೆ ಬಹಳ ಹಿಂದಿದ್ದರೆ ದಿನಾ ಹೋಗಿ ಬರುವ ವಿಶೇಷ ಶಾಲೆಯಲ್ಲಿ ಊಟ, ಸ್ನಾನ, ದುಡ್ಡು ಎಣಿಸುವುದು, ಕೈಕೆಲಸ ಕಲಿಸುತ್ತಾರೆ. ತೀವ್ರ ಅಂಗವೈಕಲ್ಯದಿಂದ ಮನೆ ಬಿಟ್ಟು ಹೊರಡಲು ಆಗದ ಮಗುವಿಗೆ ಮನೆಯಲ್ಲೇ ಕಲಿಯುವ ಹಕ್ಕನ್ನು 2012ರ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ತಿದ್ದುಪಡಿ ಕೊಟ್ಟಿದೆ. ನಡೆಯುವ, ಆಡುವ ಮಗುವನ್ನೂ "ಗೃಹಾಧಾರಿತ" ಅಂತ ಬರೆದು ಮನೆಯಲ್ಲೇ ಇರಿಸುವ ಚಾಳಿ ಕೆಲವು ಕಡೆ ಇದೆ. ಅದಕ್ಕೆ ಸಹಿ ಹಾಕುವ ಮೊದಲು ಎರಡು ಸಲ ಯೋಚಿಸಿ.

ವಿಳಾಸ ಎಲ್ಲಿ ಸಿಗುತ್ತದೆ

ತಾಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ. ಬಿಆರ್‌ಸಿ, ಅಂದರೆ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ, ಎಲ್ಲಿದೆ ಕೇಳಿ. ಅಲ್ಲಿ ಬಿಐಇಆರ್‌ಟಿ ಅನ್ನುವ ವಿಶೇಷ ಶಿಕ್ಷಕರು ಇರುತ್ತಾರೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ನೇಮಕವಾದವರು ಇವರು. ತಾಲೂಕಿನ ಯಾವ ಶಾಲೆಯಲ್ಲಿ ಎಂಥ ಮಕ್ಕಳಿದ್ದಾರೆ, ಯಾವ ಹೆಡ್ ಮಾಸ್ಟರ್ ಮುತುವರ್ಜಿ ವಹಿಸುತ್ತಾರೆ ಅನ್ನುವುದು ಇವರಿಗೆ ಗೊತ್ತು. ಆಫೀಸಲ್ಲಿ ಸಿಗದಿದ್ದರೆ ಬೇಜಾರು ಬೇಡ, ಶಾಲೆಗಳನ್ನು ಸುತ್ತುತ್ತಿರುತ್ತಾರೆ. ನಂಬರ್ ಇಸಿದುಕೊಂಡು ಬನ್ನಿ. ತುಮಕೂರಿನವರು ಗಮನಿಸಿ: ಅಲ್ಲಿ ತುಮಕೂರು, ಮಧುಗಿರಿ ಅಂತ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಶಿರಾ, ಪಾವಗಡ, ಕೊರಟಗೆರೆಯವರ ಡಿಡಿಪಿಐ (ಬಿಇಒಗಿಂತ ಮೇಲಿನ, ಶಿಕ್ಷಣ ಇಲಾಖೆಯ ಉಪನಿರ್ದೇಶಕರ) ಕಚೇರಿ ಮಧುಗಿರಿಯದ್ದು.

ಹಳ್ಳಿಯವರಾದರೆ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಯಾರು ಅಂತ ಕೇಳಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಬಹಳ ಸಲ ಅವರೂ ಅಂಗವಿಕಲರೇ. ತಾಲೂಕಿಗೆ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಪಿಂಚಣಿ, ಬಸ್ ಪಾಸ್, ಕಾರ್ಡು ಎಲ್ಲದರ ಒಳದಾರಿ ಇವರಿಗೆ ಗೊತ್ತು. ವಿಶೇಷ ಶಾಲೆಗಳ ಪಟ್ಟಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿ. ಎಲ್ಲಕ್ಕಿಂತ ಒಳ್ಳೆಯ ಸುದ್ದಿ ಮಾತ್ರ ನನಗೆ ಸಿಕ್ಕಿದ್ದು ಆಸ್ಪತ್ರೆಯ ಥೆರಪಿ ಕೋಣೆಯ ಹೊರಗಿನ ಬೆಂಚಿನ ಮೇಲೆ, ಬೇರೆ ಅಮ್ಮಂದಿರಿಂದ.

ಶಾಲೆ ನೋಡಲು ಹೋದಾಗ

ಈಗ ಡಿಸೆಂಬರ್ ಕಥೆ. ಆ ನಾಲ್ಕನೇ ಶಾಲೆಯವರು ಸೇರಿಸುವಾಗ, "ನಮಗೆ ಎಲ್ಲಾ ಮಕ್ಕಳೂ ಒಂದೇ ಮೇಡಂ" ಅಂದಿದ್ದರು. ನಾನು ಬೇರೇನೂ ಕೇಳಲಿಲ್ಲ. ಒಂದು ದಿನ ಟಿಫನ್ ಬಾಕ್ಸ್ ಮರೆತುಹೋಗಿತ್ತು, ಕೊಡಲು ಹೋದೆ. ಕ್ಲಾಸಲ್ಲಿ ಅವನಿಲ್ಲ. ಆಫೀಸ್ ರೂಮಿನ ಮೂಲೆಯಲ್ಲಿ ಅಟೆಂಡರ್ ಪಕ್ಕ, ನಾಲ್ಕು ಪ್ಲಾಸ್ಟಿಕ್ ಬ್ಲಾಕ್ ಹಿಡಿದು ಕೂತಿದ್ದ. ಜುಲೈಯಿಂದಲೂ ಅದೇ ಅವನ ಜಾಗವಂತೆ. ಆ ಅಟೆಂಡರ್ ಅಕ್ಕ ಮಾತ್ರ ಅವನನ್ನು ಚೆನ್ನಾಗಿ ನೋಡಿಕೊಂಡಿದ್ದರು, ಅದನ್ನು ಹೇಳಲೇಬೇಕು.

ಅವತ್ತಿನಿಂದ "ಸೇರಿಸಿಕೊಳ್ತೀರಾ?" ಅಂತ ಕೇಳುವುದನ್ನು ಬಿಟ್ಟೆ. ಕೇಳಿದ್ದು ಇದೊಂದೇ: "ಹನ್ನೊಂದು ಗಂಟೆಗೆ ಪಾಠದ ಮಧ್ಯೆ ನನ್ನ ಮಗ ಎದ್ದು ಓಡಿದರೆ ಏನು ಮಾಡ್ತೀರಿ?"

ಒಬ್ಬರು "ಶಿಸ್ತು ಕಲಿಸ್ತೀವಿ" ಅಂದರು. ಇನ್ನೊಂದು ಕಡೆ "ನೀವೇ ಬಂದು ಜತೆಗೆ ಕೂರಬೇಕಾಗುತ್ತೆ" ಅಂದರು. ಮತ್ತೊಬ್ಬರು "ಹಂಗೆಲ್ಲಾ ಆಗಲ್ಲ ಬಿಡಿ" ಅಂತ ನಕ್ಕರು. ನಮ್ಮೂರ ಹತ್ತಿರದ ಸರ್ಕಾರಿ ಶಾಲೆಯ ಹೆಡ್ ಮಾಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲಮ್ಮ. ಅವನು ಯಾವ ಕಡೆ ಓಡ್ತಾನೆ? ಯಾಕೆ ಓಡ್ತಾನೆ?" ಅಂದರು. ಗಂಟೆ ಸದ್ದಿಗೆ ಸಾರ್ ಅಂದೆ. "ಹಂಗಾದ್ರೆ ಗಂಟೆ ಹೊಡೆಯೋಕೆ ಮುಂಚೆ ಅವನಿಗೆ ಹೇಳಬೇಕಾಗುತ್ತೆ" ಅಂದರು. ಅಲ್ಲಿಗೇ ಸೇರಿಸಿದೆ. ಗೊತ್ತಿಲ್ಲ ಅಂದು ತಿರುಗಿ ಪ್ರಶ್ನೆ ಕೇಳುವವರು ಸಿಕ್ಕರೆ ಕಟ್ಟಡ, ಕಂಪ್ಯೂಟರ್ ಲ್ಯಾಬು ನೋಡುತ್ತಾ ಕೂರಬೇಡಿ.

ನಿಮ್ಮ ಪ್ರಶ್ನೆ ನಿಮ್ಮ ಪುಟದಿಂದ ಬರಬೇಕು. ಫಿಟ್ಸ್ ಬರುವ ಮಗುವಾದರೆ, "ಫಿಟ್ಸ್ ಬಂದಾಗ ಪಕ್ಕದಲ್ಲಿ ಯಾರಿರುತ್ತಾರೆ? ಏನು ಮಾಡುತ್ತಾರೆ?" ಬಾಯಿಗೆ ಚಮಚ ಇಡುತ್ತೇವೆ, ಕೈಗೆ ಕಬ್ಬಿಣ ಕೊಡುತ್ತೇವೆ ಅಂದರೆ, ಹಾಗೆ ಮಾಡಬಾರದು, ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಬೇಕು ಅಂತ ನೀವೇ ಹೇಳಿಕೊಡಿ. ಅವರು ಕೇಳಿಸಿಕೊಳ್ಳುವ ರೀತಿ ನೋಡಿ. ಗಾಲಿ ಕುರ್ಚಿಯ ಮಗುವಾದರೆ ಕ್ಲಾಸಿನ ಇಳಿಜಾರು ಇದ್ದರೆ ಸಾಲದು. ಟಾಯ್ಲೆಟ್ ಬಾಗಿಲಿನ ಅಗಲ ಅಳೆಯಿರಿ. ಎಷ್ಟೋ ಕಡೆ ರ‍್ಯಾಂಪ್ ಕ್ಲಾಸಿನವರೆಗೆ ಬಂದು ನಿಂತುಬಿಟ್ಟಿರುತ್ತದೆ.

ದಾಖಲಾತಿಯ ಗಲಾಟೆಯ ದಿನ ಹೋಗಬೇಡಿ. ಶಾಲೆ ನಡೆಯುವ ದಿನ, ಬಿಸಿಯೂಟದ ಹೊತ್ತಿಗೆ ಹೋಗಿ. ಈಗಾಗಲೇ ಅಲ್ಲಿರುವ ವಿಶೇಷ ಮಗು ಯಾರ ಪಕ್ಕ ಕೂತು ಉಣ್ಣುತ್ತಿದೆ ನೋಡಿ.

ವಿಶೇಷ ಶಾಲೆಯಾದರೆ ಇನ್ನಷ್ಟು ಕೇಳಬೇಕು. ಕಲಿಸುವವರು ವಿಶೇಷ ಶಿಕ್ಷಣದಲ್ಲಿ ಡಿ.ಎಡ್. ಅಥವಾ ಬಿ.ಎಡ್. ಮಾಡಿದ್ದಾರಾ? ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇದ್ದವರಿಗೆ ಸಿಆರ್‌ಆರ್ ನಂಬರ್ ಇರುತ್ತದೆ. ಕೇಳಿದರೆ ಸಿಟ್ಟಾಗುವವರನ್ನು ಬಿಟ್ಟುಬಿಡಿ. ನಮ್ಮ ಮಗುವಿಗೆ ಈ ವರ್ಷ ಏನು ಕಲಿಸುತ್ತೀರಿ ಅಂದರೆ ಆ ಮಗುವಿನ ಹೆಸರಲ್ಲೇ ಒಂದು ಯೋಜನೆ ತೋರಿಸಬೇಕು. ವರ್ಷಗಟ್ಟಲೆ ಅದೇ ಮಣಿ ಪೋಣಿಸುವುದು, ಅದೇ ಚಿತ್ರಕ್ಕೆ ಬಣ್ಣ ಹಚ್ಚುವುದು ಆಗಬಾರದು. ಹೇಳದೆ ಕೇಳದೆ ಯಾವ ಹೊತ್ತಿಗಾದರೂ ಬರಬಹುದಾ ಅಂತ ಕೇಳಿ. "ಸಂಪೂರ್ಣ ಗುಣಪಡಿಸುತ್ತೇವೆ" ಅಂತ ಬೋರ್ಡು ಹಾಕಿದ ಕಡೆ ಒಳಗೂ ಹೋಗಬೇಡಿ. ಆಟಿಸಂ, ಬುದ್ಧಿ ಬೆಳವಣಿಗೆಯ ತೊಂದರೆ ಗುಣವಾಗುವ ಜ್ವರವಲ್ಲ.

ಹಾಸ್ಟೆಲ್ ಇರುವ ಶಾಲೆ ಬಗ್ಗೆ ನಾನು ಸ್ವಲ್ಪ ಬಿಗಿ. ಕಿವುಡ ಅಥವಾ ಅಂಧ ಮಗುವಿಗೆ ಅದು ಬೇಕಾಗಬಹುದು. ಆದರೆ ಆದದ್ದನ್ನು ಬಾಯಿಬಿಟ್ಟು ಹೇಳಲಾಗದ ಚಿಕ್ಕ ಮಗುವನ್ನು ರಾತ್ರಿ ಬಿಟ್ಟು ಬರುವ ಮೊದಲು ನೂರು ಸಲ ನೋಡಿ. ರಾತ್ರಿ ಜತೆಯಲ್ಲಿ ಮಲಗುವವರು ಯಾರು? ಸ್ನಾನ ಮಾಡಿಸುವವರು ಯಾರು? ಹೆಣ್ಣುಮಕ್ಕಳಿಗೆ ಹೆಂಗಸರೇ ಇದ್ದಾರಾ? ಉತ್ತರ ತೊದಲಿದರೆ ಎದ್ದು ಬನ್ನಿ.

ದೂರದ ಲೆಕ್ಕ

ಒಂದು ಕಡೆಗೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಪ್ರಯಾಣ ಇದ್ದರೆ ಶಾಲೆ ಎಷ್ಟೇ ಚೆನ್ನಾಗಿರಲಿ, ಮಗು ಅಲ್ಲಿಗೆ ತಲುಪುವಾಗಲೇ ಸುಸ್ತಾಗಿರುತ್ತದೆ. ಇದು ನನ್ನ ಲೆಕ್ಕ. ಸೇರಿಸುವ ಮೊದಲು ಒಂದು ವಾರ ಅದೇ ಬಸ್ಸಲ್ಲಿ ಅದೇ ಹೊತ್ತಿಗೆ ಹೋಗಿ ಬಂದು ನೋಡಿ. ಸರ್ಕಾರಿ ಬಸ್ಸಾದರೆ 2023ರಿಂದ ಶಕ್ತಿ ಯೋಜನೆಯಲ್ಲಿ ಅಮ್ಮನಿಗೂ ಮಗಳಿಗೂ ಟಿಕೆಟ್ ಇಲ್ಲ, ಮಗನಿಗೆ ಪಾಸ್ ಮಾಡಿಸಬೇಕು. ಆದರೆ ನಮ್ಮ ಕಡೆ ಪ್ರೈವೇಟ್ ಬಸ್ಸೇ ಹೆಚ್ಚು, ಅದರಲ್ಲಿ ಶಕ್ತಿಯೂ ಇಲ್ಲ, ಪಾಸೂ ಇಲ್ಲ. ಈ ಖರ್ಚನ್ನು ಫೀಸಿನ ಜತೆ ಕೂಡಿಸಿಯೇ ನೋಡಿ.

ಬೆಂಗಳೂರಿಗೇ ಹೋಗಿಬಿಡೋಣ ಅಂತ ಎಲ್ಲರಿಗೂ ಒಂದು ಸಲ ಅನ್ನಿಸುತ್ತದೆ. ನಾವೂ ಹೊಸಕೋಟೆ ತನಕ ಬಾಡಿಗೆ ಮನೆ ನೋಡಿ ಬಂದೆವು. ಅಲ್ಲಿ ಥೆರಪಿ ಜಾಸ್ತಿ ಸಿಗುತ್ತಿತ್ತು, ನಿಜ. ಇಲ್ಲಿ ತೋಟ, ಅಜ್ಜ, ಅಜ್ಜಿ, ಅವನನ್ನು ಹೆಸರು ಹಿಡಿದು ಕೂಗುವ ಅಂಗಡಿಯವರು ಇದ್ದರು. ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ತೋರಿಸಿ, ಮನೆಯಲ್ಲಿ ಮಾಡಿಸಬೇಕಾದ್ದನ್ನು ಕಲಿತು ಬರುವುದು ಅಂತ ತೀರ್ಮಾನ ಮಾಡಿದೆವು. ಪ್ರತಿಯೊಂದು ಮನೆಯ ಲೆಕ್ಕ ಬೇರೆ.

ಇಲ್ಲ ಅಂದರೆ

ಬಾಯಿಮಾತಲ್ಲಿ ಇಲ್ಲ ಅಂದರೆ, "ಅದನ್ನೇ ಬರೆದು ಕೊಡಿ ಸಾರ್" ಅನ್ನಿ. ಅರ್ಧ ಕಡೆ ಅಲ್ಲಿಗೇ ಸೀಟು ಹುಟ್ಟುತ್ತದೆ. ಹುಟ್ಟದಿದ್ದರೆ ಬಿಇಒಗೆ ಅರ್ಜಿ ಕೊಡಿ, ಜೆರಾಕ್ಸ್ ಮೇಲೆ ಸೀಲು ಹಾಕಿಸಿಕೊಳ್ಳಿ. ಆಮೇಲೆ ಡಿಡಿಪಿಐ. ಅದಕ್ಕೂ ಮೇಲೆ ಬೆಂಗಳೂರಿನಲ್ಲಿ ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರು ಇದ್ದಾರೆ. ಖಾಸಗಿ ಶಾಲೆಯಲ್ಲಿ ಉಚಿತವಾಗಿ ಸಿಗುವ ಆರ್‌ಟಿಇ ಸೀಟಿಗೆ ಅಂಗವಿಕಲ ಮಕ್ಕಳೂ ಅರ್ಹರು. ಆದರೆ 2019ರಿಂದ ಕರ್ನಾಟಕದಲ್ಲಿ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗುವುದಿಲ್ಲ. ಅದನ್ನೇ ನಂಬಿ ಒಂದು ವರ್ಷ ಕಳೆಯಬೇಡಿ.

ಜಗಳ ಮಾಡಿ ಸೀಟು ತಗೊಂಡ ಶಾಲೆಯಲ್ಲಿ ಮಗುವನ್ನು ಬಿಡಬೇಕಾ ಅಂತ ಕೇಳುತ್ತಾರೆ. ಮೊದಲ ತಿಂಗಳು ನೋಡಿ. ಹೆಡ್ ಮಾಸ್ಟರ್ ಮುಖ ಗಂಟು ಹಾಕಿಕೊಂಡಿದ್ದರೂ ಕ್ಲಾಸ್ ಟೀಚರ್ ಒಳ್ಳೆಯವರಾದರೆ ನಡೆಯುತ್ತದೆ. ಮಗು ಕೂರುವುದು ಅವರ ಹತ್ತಿರ.

ಸೇರಿಸಿದ ಮೇಲೆ

ಮೊದಲ ಎರಡು ವಾರ ಅರ್ಧ ದಿನ ಕಳಿಸಿ. ನೀವು ಬರೆದ ಪುಟದ ಜೆರಾಕ್ಸ್ ಕ್ಲಾಸ್ ಟೀಚರ್‌ಗೂ ಕೊಡಿ, ಬಿಸಿಯೂಟದ ಅಡುಗೆಯವರಿಗೂ ಓದಿ ಹೇಳಿ. ಒಂದು ಚಿಕ್ಕ ನೋಟ್‌ಬುಕ್ ಬ್ಯಾಗಲ್ಲಿರಲಿ. ಟೀಚರ್ ಒಂದು ಸಾಲು, ನೀವು ಒಂದು ಸಾಲು. ಮೈಮೇಲೆ ಗಾಯ ಇದ್ದರೆ, ಶಾಲೆ ಹೆಸರೆತ್ತಿದರೆ ನಡುಗಿದರೆ, ಬಂದಿದ್ದ ಮಾತು ನಿಂತುಹೋದರೆ ಟಿಸಿ ತಗೊಳ್ಳಲು ವರ್ಷ ಮುಗಿಯಲಿ ಅಂತ ಕಾಯಬೇಡಿ.

ಪರೀಕ್ಷೆಯ ವಿಷಯ ಹೈಸ್ಕೂಲಿಗೆ ಬಂದ ಕೂಡಲೇ ಎತ್ತಿ. ಎಸ್ಸೆಸ್ಸೆಲ್ಸಿಯಲ್ಲಿ ಅಂಗವಿಕಲ ಮಕ್ಕಳಿಗೆ ಬರೆದುಕೊಡುವವರು, ಹೆಚ್ಚಿನ ಸಮಯ, ಭಾಷೆಯಲ್ಲಿ ವಿನಾಯಿತಿ ಸಿಗುತ್ತವೆ. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ ಕೊಡಬೇಕು. ಮೂರು ಗಂಟೆ ಪೇಪರ್‌ಗೆ ಅದು ಇನ್ನೊಂದು ಗಂಟೆ. ಕಾಗದಪತ್ರ ಹತ್ತನೇ ಕ್ಲಾಸಿನ ಜನವರಿಯಲ್ಲಿ ಹುಡುಕಲು ಹೋದರೆ ಸಿಗುವುದಿಲ್ಲ, ಒಂಬತ್ತರಲ್ಲೇ ಹೆಡ್ ಮಾಸ್ಟರ್‌ಗೆ ಕೊಟ್ಟಿರಬೇಕು. ಕಲಿಕಾ ನ್ಯೂನತೆ ಇರುವ ಮಕ್ಕಳ ಅಪ್ಪ ಅಮ್ಮ ಇದರಲ್ಲೇ ಎಡವುತ್ತಾರೆ. ಮಗು ನೋಡಲು ಚೆನ್ನಾಗೇ ಇರುತ್ತದೆ, ಸೋಮಾರಿ ಅನ್ನಿಸಿಕೊಂಡೇ ಹತ್ತಕ್ಕೆ ಬಂದಿರುತ್ತದೆ.

ದಸರಾ ರಜೆಯಲ್ಲಿ ಒಂದು ಸಂಜೆ ಕೂತು ಹಳೇ ಪುಟದ ಪಕ್ಕದಲ್ಲೇ ಹೊಸ ಪುಟ ಬರೆಯಿರಿ. ನಾವು ಪ್ರತಿ ವರ್ಷ ಬರೆಯುತ್ತೇವೆ. ಹೋದ ಸಲದ ಪುಟದಲ್ಲಿ "ಹಸಿವಾದರೆ ಹೇಳುವುದಿಲ್ಲ" ಅನ್ನುವ ಸಾಲು ಹೊಡೆದುಹಾಕಿದೆ. ಮಿಕ್ಸಿ ಸದ್ದು ಇನ್ನೂ ಹಾಗೇ ಇದೆ. ಎರಡು ವರ್ಷದ ಪುಟ ಪಕ್ಕಪಕ್ಕ ಇಟ್ಟಾಗ ಒಂದು ಸಾಲೂ ಬದಲಾಗಿಲ್ಲ ಅಂದರೆ ನವೆಂಬರ್‌ನಲ್ಲೇ ಬಿಐಇಆರ್‌ಟಿಗೆ ಫೋನ್ ಮಾಡಿ ಬೇರೆ ಶಾಲೆ ನೋಡಲು ಶುರು ಮಾಡಿ. ಮೇ ತಿಂಗಳಲ್ಲಿ ಅವರೂ ಸಿಗುವುದಿಲ್ಲ, ಹೆಡ್ ಮಾಸ್ಟರೂ ಸಿಗುವುದಿಲ್ಲ.